ಕಾದಾಚಿತ್ಕ ದೋಷವೂ ಕಾರಣನಿಶ್ಚಯವೂ

ಸದಾಕಾಲವೂ ಇರತಕ್ಕ ಕಷ್ಟಕ್ಕೆ ಮನುಷ್ಯನು ಹೇಗೋ ಹೊಂದಿಕೊಳ್ಳುತ್ತಾನೆ. ಎಂದೂ ಬಾರದ ಕಷ್ಟವು ಅವನ ಲೆಕ್ಕಕ್ಕೇ ಸೇರದು. ಆದರೆ ಬಂದು ಹೋಗಿ, ಹೋಯಿತೆಂದು ನಿಶ್ಚಿಂತನಾಗುವಷ್ಟರಲ್ಲಿ ಮರಳಿ ಬಂದು, ಇಂಥ ಹೊತ್ತಿಗೇ ಬರುವುದೆಂಬ ನೇಮವನ್ನು ಮಾತ್ರ ತೋರಗೊಡದೆ ಕಾಡತಕ್ಕ ದೋಷವೊಂದುಂಟಲ್ಲ, ಅದು ಅವನ ಬುದ್ಧಿಯನ್ನೂ ಶ್ರದ್ಧೆಯನ್ನೂ ಏಕಕಾಲದಲ್ಲಿ ಪರೀಕ್ಷೆಗೆ ಒಡ್ಡುತ್ತದೆ. ಕಾರಣವಿಲ್ಲದೆಯೇ ಹೀಗಾಯಿತೆನ್ನಲು ಮನಸ್ಸು ಒಪ್ಪದು; ಕಾರಣವಿದೆಯೆನ್ನೋಣವೆಂದರೆ ಅದನ್ನು ಬೆರಳಿಟ್ಟು ತೋರಿಸಲಾಗದು. ಈ ಇಕ್ಕಟ್ಟಿನಲ್ಲಿ ಸಿಲುಕಿದವನು ಬೆಳಗ್ಗೆ ತಜ್ಞನ ಬಾಗಿಲನ್ನೂ ಸಂಜೆ ಜ್ಯೋತಿಷಿಯ ಬಾಗಿಲನ್ನೂ ತಟ್ಟುವುದು ನಮ್ಮ ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ಹೊಸ ಸಂಗತಿಯೇನಲ್ಲ.

ನಮ್ಮ ದೇಶದ ತಾರ್ಕಿಕರು ಇಂಥ ವಸ್ತುವನ್ನು ಕಾದಾಚಿತ್ಕವೆಂದು ಕರೆದು, ಅದರ ಮೇಲೆ ಒಂದು ದೊಡ್ಡ ಸಿದ್ಧಾಂತವನ್ನೇ ಕಟ್ಟಿದರು. ಏಳನೆಯ ಶತಮಾನದ ಬೌದ್ಧಾಚಾರ್ಯ ಧರ್ಮಕೀರ್ತಿಯೂ, ಬೌದ್ಧಮತದ ಖಂಡನೆಗೆಂದೇ ಆತ್ಮತತ್ತ್ವವಿವೇಕವನ್ನು ರಚಿಸಿದ ನೈಯಾಯಿಕ ಉದಯನನೂ ಆತ್ಮದ ವಿಷಯದಲ್ಲಿ, ಈಶ್ವರನ ವಿಷಯದಲ್ಲಿ, ವೇದದ ವಿಷಯದಲ್ಲಿ ವಾದಿ ಪ್ರತಿವಾದಿಗಳಾಗಿ ನಿಂತವರಾದರೂ ಇದೊಂದರಲ್ಲಿ ಒಂದೇ ಪಕ್ಷದವರು: ಯಾವುದಕ್ಕೆ ಕಾರಣದ ಹಂಗಿಲ್ಲವೋ ಅದು ಇಂದು ಇದ್ದು ನಾಳೆ ಇಲ್ಲವಾಗುವ ಪ್ರಮೇಯವೇ ಬರಬಾರದು; ಅದು ನಿತ್ಯವಾಗಿರಬೇಕು, ಇಲ್ಲವೆ ಆಕಾಶಪುಷ್ಪದಂತೆ ಸರ್ವಥಾ ಇಲ್ಲದಿರಬೇಕು. ಆದುದರಿಂದ ದೋಷವು ಒಮ್ಮೊಮ್ಮೆ ಮಾತ್ರ ತಲೆಯೆತ್ತುತ್ತದೆಂಬುದು ಅದರ ಕಾರಣಹೀನತೆಗೆ ಚಿಹ್ನೆಯಾಗಲಾರದು. ಅದು ಬೇರೊಂದನ್ನು ಅಪೇಕ್ಷಿಸಿಕೊಂಡಿದೆ ಎಂಬುದಕ್ಕೆ ಅದಕ್ಕಿಂತ ಪ್ರಬಲವಾದ ಸಾಕ್ಷ್ಯ ಇನ್ನೊಂದಿಲ್ಲ. ಉದಯನನು ನ್ಯಾಯಕುಸುಮಾಂಜಲಿಯ ಮೊದಲನೆಯ ಸ್ತಬಕದಲ್ಲಿ ಆಕಸ್ಮಿಕವಾದಿಗಳನ್ನು ಎದುರಿಸಿ, ಈ ನೆಲೆಯಿಂದ ಹೊರಟು ಅದೃಷ್ಟದವರೆಗೂ ಅಲ್ಲಿಂದ ಮುಂದೆ ಈಶ್ವರನವರೆಗೂ ಸಾಗುತ್ತಾನೆ. ಅಷ್ಟು ದೂರದ ಪಯಣಕ್ಕೆ ನಾನು ಈಗ ಹೊರಟವನಲ್ಲ. ನನ್ನ ಪ್ರಶ್ನೆ ಅದಕ್ಕಿಂತ ಕೆಳಗಿನ ಮೆಟ್ಟಿಲಿನದು. ಕಾರಣವುಂಟೆಂದು ಒಪ್ಪಿದ ಮೇಲೆ, ಇದೇ ಆ ಕಾರಣವೆಂದು ಹೇಳುವ ಅಧಿಕಾರ ನಮಗೆ ಯಾವಾಗ ಬರುತ್ತದೆ? ಪರಿಹಾರವನ್ನು ಮಾಡಿದೆವು, ದೋಷವು ನಿಂತಿತು ಎಂಬಷ್ಟರಿಂದ ಆ ಅಧಿಕಾರವು ಲಭಿಸುವುದೆ?

ಈ ಪ್ರಶ್ನೆಯು ನನ್ನಲ್ಲಿ ಹೊಸದಾಗಿ ಹುಟ್ಟಿದ್ದು ಶಾಸ್ತ್ರಗ್ರಂಥದಿಂದಲ್ಲ, ಒಬ್ಬ ತರುಣನ ಆಟದಿಂದ. ಪುತ್ತೂರಿನಿಂದ ಸುಳ್ಯಕ್ಕೆ, ಅಲ್ಲಿಂದ ಸಂಪಾಜೆಯ ಮಾರ್ಗವಾಗಿ ಮಡಿಕೇರಿಗೆ ಹೋಗುವ ಹೆದ್ದಾರಿಯ ಬದಿಯ ಒಂದು ಅಡಕೆತೋಟದ ಮನೆಯಲ್ಲಿ, ಇಂಜಿನಿಯರಿಂಗ್ ಓದುತ್ತಿರುವ ಆ ಹುಡುಗನು ತನ್ನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಮೋಟಾರು ಬಂಡಿಯ ಸ್ಟಿಯರಿಂಗನ್ನೇ ಹೋಲುವ ಚಕ್ರವನ್ನೂ ಕಾಲಡಿಯಲ್ಲಿ ಮೂರು ಪೆಡಲುಗಳನ್ನೂ ಹೂಡಿಕೊಂಡು ರೇಸಿಂಗ್ ಸಿಮ್ಯುಲೇಟರನ್ನು ಆಡುತ್ತಾನೆ. ಇದನ್ನು ಮಕ್ಕಳ ವಿನೋದವೆಂದು ತಳ್ಳಿಹಾಕತಕ್ಕದ್ದಲ್ಲ. ಇಟಲಿಯ ಕುನೋಸ್ ಸಿಮುಲಾಜ್ಯೋನಿ ಎಂಬವರು 2014ರಲ್ಲಿ ಹೊರತಂದ ಅಸೆಟ್ಟೊ ಕೊರ್ಸಾ ಎಂಬ ಈ ಬಗೆಯ ಆಟವೊಂದರಲ್ಲಿ ಟಯರಿನ ಹಿಡಿತ, ಸ್ಪ್ರಿಂಗಿನ ಕುಗ್ಗು, ಗಾಳಿಯ ಒತ್ತಡ ಮೊದಲಾದವುಗಳನ್ನು ಯಂತ್ರವು ಸೆಕೆಂಡಿಗೆ 333 ಬಾರಿ ಗಣಿಸುತ್ತದೆ. ಆ ಗಣನೆಯ ಫಲವು ಚಕ್ರದೊಳಗಿನ ಮೋಟಾರಿನ ಮೂಲಕ ಆಡುವವನ ಅಂಗೈಗೆ ಬಲವಾಗಿ ತಲಪುತ್ತದೆ. ಮೂಲ ತಯಾರಕರು ಕೊಟ್ಟದ್ದು ಸಾಲದೆಂದು ಲೋಕದ ನಾನಾ ಕಡೆಗಳ ಉತ್ಸಾಹಿಗಳು ಸ್ವಂತ ಶ್ರಮದಿಂದ ಬಂಡಿಗಳನ್ನೂ ರಸ್ತೆಗಳನ್ನೂ ಮಳೆ ಮೋಡಗಳನ್ನೂ ರಚಿಸಿ ಅದಕ್ಕೆ ಸೇರಿಸುವುದುಂಟು. ಇವೇ ಮಾಡ್‌ಗಳು. ಅಸೆಟ್ಟೊ ಕೊರ್ಸಾದ ಮೂಲರೂಪದಲ್ಲಿ ರಾತ್ರಿಯೆಂಬುದೇ ಇರಲಿಲ್ಲ. ಕಸ್ಟಮ್ ಶೇಡರ್ಸ್ ಪ್ಯಾಚ್ ಎಂಬ ಮಾಡ್ ಬಂದ ಮೇಲೆಯೇ ಅಲ್ಲಿ ಕತ್ತಲಾಗಿ ದೀಪಗಳು ಹೊತ್ತಿದವು. ಸೃಷ್ಟಿಯು ಒಬ್ಬನ ಸಂಕಲ್ಪದಿಂದ ಮಾತ್ರ ಆಗಿರದೆ ಅನೇಕರು ಕಾಲಕಾಲಕ್ಕೆ ಸೇರಿಸುತ್ತ ಹೋದ ಜಗತ್ತು ಅದು. ಅಲ್ಲಿ ದೋಷವೊಂದು ಕಂಡರೆ ಯಾರ ಸೇರ್ಪಡೆಯಿಂದ ಕಂಡಿತೆಂದು ಹೇಳುವುದು ದುಸ್ತರ.

ನಮ್ಮ ಹುಡುಗನ ಆಟದಲ್ಲಿ ಕಂಡ ದೋಷವು ಅತಿಸೂಕ್ಷ್ಮವಾದದ್ದು. ಘಟ್ಟದ ತಿರುವಿನಲ್ಲಿ ಬಂಡಿಯು ನುಣ್ಣಗೆ ಹರಿದುಹೋಗುತ್ತಿರುವಾಗ ಚಿತ್ರವು ಒಂದು ಕ್ಷಣ ತಡೆದು, ಅನಂತರ ಏನೂ ಆಗಲಿಲ್ಲವೆಂಬಂತೆ ಮುಂದುವರಿಯುವುದು. ಹುಡುಗರು ಇದನ್ನು ಸ್ಟಟರ್ ಎನ್ನುತ್ತಾರೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಅವನ ತಾಯಿಗೆ ಅದು ಕಾಣಿಸಲೇ ಇಲ್ಲ. ಅವನಿಗಾದರೋ ಅದೊಂದೇ ಕಾಣಿಸುತ್ತಿತ್ತು.

ಚಲಚ್ಚಿತ್ರದಂತೆ ಇದೂ ನಿಶ್ಚಲ ಚಿತ್ರಗಳ ಸಾಲೇ ಅಲ್ಲವೆ? ಸಾಮಾನ್ಯವಾದ ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಬರಬೇಕು. ಒಂದೊಂದರ ಆಯುಷ್ಯ 16.67 ಮಿಲಿಸೆಕೆಂಡು. ಇದನ್ನು ಕೇಳಿದಾಗ ನನಗೆ ಒಡನೆ ನೆನಪಾದವನು ಬೌದ್ಧಾಚಾರ್ಯ ವಸುಬಂಧು. ಅವನ ಅಭಿಧರ್ಮಕೋಶದ ಕಾಲಗಣನೆಯ ಪ್ರಕಾರ 120 ಕ್ಷಣಗಳಿಗೆ ಒಂದು ತತ್ಕ್ಷಣ, 60 ತತ್ಕ್ಷಣಗಳಿಗೆ ಒಂದು ಲವ, 30 ಲವಗಳಿಗೆ ಒಂದು ಮುಹೂರ್ತ, 30 ಮುಹೂರ್ತಗಳಿಗೆ ಒಂದು ಅಹೋರಾತ್ರ. ಅಂದರೆ ದಿನವೊಂದಕ್ಕೆ 64,80,000 ಕ್ಷಣಗಳು. ಲೆಕ್ಕ ಹಾಕಿದರೆ ಒಂದು ಕ್ಷಣವು ಸೆಕೆಂಡಿನ 75ರಲ್ಲಿ ಒಂದು ಪಾಲು, ಸುಮಾರು 13.3 ಮಿಲಿಸೆಕೆಂಡು ಆಗುತ್ತದೆ. ಪ್ರತಿಕ್ಷಣವೂ ಹುಟ್ಟಿ ಅಳಿಯುವ ಧರ್ಮಗಳ ಪ್ರವಾಹವೇ ಜಗತ್ತು, ಅವುಗಳ ನಿರಂತರವಾದ ಸಾದೃಶ್ಯದಿಂದ ಸ್ಥಿರತೆಯ ಭ್ರಾಂತಿ ಹುಟ್ಟುತ್ತದೆ ಎಂದು ಬೌದ್ಧರು ಹೇಳಿದ ಆ ಕ್ಷಣದ ಅಳತೆಗೂ ಇಂದಿನ ಯಂತ್ರಜ್ಞರು ಚಲನೆಯ ಭ್ರಾಂತಿಯನ್ನು ಕಟ್ಟಲು ಆರಿಸಿಕೊಂಡ ಅಳತೆಗೂ ಅಂತರವು ಇಷ್ಟು ಅಲ್ಪವಾಗಿರುವುದನ್ನು ನಾನು ಪ್ರಮಾಣವೆಂದು ಮುಂದಿಡುತ್ತಿಲ್ಲ. ಆದರೆ ಹೀಗೆ ಅಳೆಯಲು ಕುಳಿತವರ ಅಂತರ್ಮುಖವಾದ ಏಕಾಗ್ರತೆಯನ್ನು ಗೌರವಿಸದೆ ಇರಲಾರೆ.

ಚಿತ್ರ ತಡೆದುದನ್ನು ಕಂಡದ್ದು ಯಾವುದು? ಕಣ್ಣೆನ್ನುವುದು ಸರಿಯಲ್ಲ. ಕಣ್ಣಿಗೆ ವಿಷಯವಾಗತಕ್ಕವು ರೂಪ ಮತ್ತು ಬಣ್ಣ. ತಡವಾಯಿತೆಂಬುದು ರೂಪವೂ ಅಲ್ಲ, ಬಣ್ಣವೂ ಅಲ್ಲ. ತಡೆದ ಚಿತ್ರದಲ್ಲಿ ತಡೆಯ ಗುರುತು ಒಂದೂ ಇರುವುದಿಲ್ಲ; ಅದು ಉಳಿದವುಗಳಷ್ಟೇ ಸ್ಫುಟವಾಗಿರುತ್ತದೆ. ಇಲ್ಲಿ ನಮ್ಮ ನೆರೆಯಲ್ಲೇ ಬೆಳೆದ ಒಂದು ದರ್ಶನವು ಕೈಹಿಡಿಯುತ್ತದೆ. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಕಾಲವು ಬಾಹ್ಯೇಂದ್ರಿಯಗಳಿಗೆ ಗೋಚರವಲ್ಲ, ಅನುಮಾನದಿಂದಲೂ ಅಲ್ಲ, ಸಾಕ್ಷಿಗೆ ನೇರವಾಗಿ ಗೋಚರವಾದದ್ದು ಎಂದರು. ಅವರ ತಮ್ಮನಾದ ವಿಷ್ಣುತೀರ್ಥರ ಪರಂಪರೆಯ ಮಠವು ಇಂದಿಗೂ ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯದಲ್ಲಿದೆ. ಸಾಕ್ಷಿಯೆಂದರೆ ಚೇತನದ ಸ್ವರೂಪಭೂತವಾದ ಅರಿವು. ಹುಡುಗನ ಕಣ್ಣು ಚಿತ್ರಗಳನ್ನು ಕಂಡಿತು. ಅವುಗಳ ನಡುವಣ ಕಾಲವನ್ನು ಕಂಡದ್ದು ಅವನ ಸಾಕ್ಷಿ. ಪಕ್ಕದಲ್ಲಿದ್ದ ತಾಯಿಗೂ ಸಾಕ್ಷಿಯುಂಟು; ಆದರೆ ಚಕ್ರವು ಅವಳ ಕೈಯಲ್ಲಿರಲಿಲ್ಲ, ಮುಂದಿನ ಕ್ಷಣಕ್ಕಾಗಿ ಅವಳ ಮನಸ್ಸು ಚಾಚಿಕೊಂಡಿರಲಿಲ್ಲ. ಕರ್ತೃವಿಗೆ ಕಂಡದ್ದು ಪ್ರೇಕ್ಷಕನಿಗೆ ಕಾಣದೆ ಹೋದರೆ ಅದು ಸುಳ್ಳಾಗುವುದಿಲ್ಲ. ದೀರ್ಘಕಾಲದ ತಲೆನೋವಿನವರನ್ನೂ ಕಾರಣ ತಿಳಿಯದ ನಿಶ್ಶಕ್ತಿಯವರನ್ನೂ ಭ್ರಮೆಯೆಂದು ಗದರಿಸತಕ್ಕ ನಾವೆಲ್ಲರೂ ಇದನ್ನು ನೆನಪಿಡಬೇಕಾಗಿದೆ.

ಈ ಸಾಕ್ಷ್ಯವನ್ನು ಯಂತ್ರವೂ ಬಹುಕಾಲ ಅಲ್ಲಗಳೆಯುತ್ತಿತ್ತು. ಪರದೆಯ ಮೂಲೆಯಲ್ಲಿ ತೋರುವ ಎಫ್‌ಪಿಎಸ್ ಎಂಬ ಸಂಖ್ಯೆಯು ಸೆಕೆಂಡಿಗೆ 60 ಎಂದೇ ಸಾರುತ್ತಿರುವಾಗ ದೋಷವಿದೆಯೆಂದು ನಂಬುವವರಾರು? ಆದರೆ 59 ಚಿತ್ರಗಳು ತಲಾ 15 ಮಿಲಿಸೆಕೆಂಡಿನಂತೆ ಬಂದು, ಅರವತ್ತನೆಯದೊಂದು 115 ಮಿಲಿಸೆಕೆಂಡು ತೆಗೆದುಕೊಂಡರೂ ಮೊತ್ತವು ಸರಿಯಾಗಿ ಒಂದು ಸೆಕೆಂಡೇ, ಸಂಖ್ಯೆಯು 60ನ್ನೇ ತೋರಿಸುತ್ತದೆ. ಗಂಟೆಗೆ 144 ಕಿಲೋಮೀಟರು ವೇಗದ ಬಂಡಿಯು ಆ ಒಂದು ತಡೆಯಲ್ಲಿ 4.6 ಮೀಟರು ಮುಂದೆ ಹೋಗಿರುತ್ತದೆ. ತಿರುವಿನಲ್ಲಿ ಅಷ್ಟು ಸಾಕು. 2011ರಲ್ಲಿ ಅಮೆರಿಕದ ಸ್ಕಾಟ್ ವಾಸನ್ ಎಂಬ ಲೇಖಕನು ಸೆಕೆಂಡಿನ ಒಳಹೊಕ್ಕು ಒಂದೊಂದು ಚಿತ್ರಕ್ಕೆ ಹಿಡಿದ ಕಾಲವನ್ನೇ ಅಳೆದು ತೋರಿಸಿದ ಮೇಲೆ ಸರಾಸರಿಯ ಆಡಳಿತವು ಮುಗಿಯತೊಡಗಿತು. ಮನುಷ್ಯನ ಬಾಳಿಗೂ ಸರಾಸರಿಯ ಸಮಾಧಾನವನ್ನು ಹೇಳುವವರುಂಟು. ಒಟ್ಟಿನಲ್ಲಿ ನಿನಗೆ ಏನು ಕಡಿಮೆಯಾಗಿದೆ ಎಂದು ಕೇಳುವವರುಂಟು. ದುಃಖವು ಒಟ್ಟಿನಲ್ಲಿ ಬರುವುದಿಲ್ಲ, ಒಂದು ಹೊತ್ತಿನಲ್ಲಿ ಬರುತ್ತದೆ.

ಇನ್ನು ಪರಿಹಾರಗಳ ಕಥೆ. ಹುಡುಗನು ಗ್ರಾಫಿಕ್ಸ್ ಕಾರ್ಡಿನ ಡ್ರೈವರನ್ನು ಕಿತ್ತು ಹೊಸದನ್ನು ಹಾಕಿದನು; ತಡೆ ನಿಂತಿತು, ಅವನು ಸಂತೋಷಪಟ್ಟನು, ಎರಡು ಸಂಜೆ ಕಳೆದು ತಡೆ ಮರಳಿತು. ನೆರಳುಗಳ ಗುಣಮಟ್ಟವನ್ನು ತಗ್ಗಿಸಿದನು; ನಿಂತಿತು, ಮರಳಿತು. ಯಾರೋ ಹೇಳಿದರೆಂದು ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನು ಮಾರ್ಪಡಿಸಿದನು, ಇನ್ನಾರೋ ಹೇಳಿದರೆಂದು ಆಟವನ್ನು ಬೇರೆ ಡಿಸ್ಕಿಗೆ ಸಾಗಿಸಿದನು. ಪ್ರತಿಯೊಂದರ ಬೆನ್ನಿಗೂ ಅಷ್ಟಿಷ್ಟು ಕಾಲದ ನೆಮ್ಮದಿ ಬಂತು. ಇಲ್ಲಿಯೇ ಕಾದಾಚಿತ್ಕ ದೋಷದ ಮಾಯೆ ಇರುವುದು. ತಾನಾಗಿ ಬಂದು ತಾನಾಗಿ ಹೋಗತಕ್ಕ ದೋಷವು, ಹೋಗುವ ಮುನ್ನ ಯಾರು ಯಾವ ಚಿಕಿತ್ಸೆಯನ್ನು ಮಾಡಿದ್ದರೂ ಅವರಿಗೆ ಯಶಸ್ಸನ್ನು ಕೊಟ್ಟೇ ಹೋಗುತ್ತದೆ. ಕಾಗೆ ಬಂದು ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಕೂಡಿಬಂದರೆ ಕಾಗೆಯೇ ಕೆಡವಿತೆನ್ನುವ ಕಾಕತಾಲೀಯವನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಗುರುತಿಸಿದ್ದರು. ಆದರೆ ಅದನ್ನು ಬಲ್ಲವನಿಗೂ, ತನ್ನ ದೋಷವು ತನ್ನ ಪರಿಹಾರದ ಮರುದಿನ ಶಾಂತವಾದಾಗ ಅದರ ನೆನಪಾಗುವುದು ಅಪರೂಪ. ಮನಸ್ಸು ದಣಿದಿರುತ್ತದೆ, ಕೃತಜ್ಞತೆಯಿಂದ ತುಂಬಿರುತ್ತದೆ. ಆಗ ವಿಮರ್ಶೆಯು ಕೃತಘ್ನತೆಯಂತೆ ತೋರುತ್ತದೆ.

ಕೊನೆಗೆ ಅವನು ಒಂದು ನೇಮವನ್ನು ಕಂಡನು, ಅಥವಾ ಕಂಡೆನೆಂದುಕೊಂಡನು. ತಡೆಯು ಬಹುಮಟ್ಟಿಗೆ ಸಂಜೆಯ ಹೊತ್ತಿನಲ್ಲಿಯೇ ಬರುತ್ತಿತ್ತು. ನಮ್ಮ ಕಡೆ ಸಂಜೆಯೆಂದರೆ ತೋಟತೋಟದಲ್ಲಿ ಪಂಪುಗಳು ತಿರುಗಿ ವೋಲ್ಟೇಜು ಕುಗ್ಗುವ ಹೊತ್ತು. ಬಲ್ಬು ಮಂಕಾಗುವುದನ್ನು ಕಣ್ಣಾರೆ ಕಾಣಬಹುದು. ಕಾರಣವು ಕರೆಂಟೇ ಎಂದು ಮನೆಮಂದಿಗೆಲ್ಲ ಖಚಿತವಾಯಿತು, ಬೆಲೆಬಾಳುವ ಸ್ಟೆಬಿಲೈಸರನ್ನು ಕೊಳ್ಳುವ ಮಾತೂ ಎದ್ದಿತು. ಸಂಜೆಯಾದರೆ ತಡೆ, ಸಂಜೆಯಲ್ಲದಿದ್ದರೆ ತಡೆಯಿಲ್ಲ. ಅನ್ವಯವೂ ಇದೆ, ವ್ಯತಿರೇಕವೂ ಇದೆ, ಇನ್ನೇನು ಬೇಕು?

ಇನ್ನೂ ಒಂದು ಬೇಕೆಂದು ನೈಯಾಯಿಕರು ಹೇಳಿದ್ದಾರೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ನಿರಪವಾದವಾದ ವ್ಯಾಪ್ತಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂಬುದು ಅಂಥದ್ದಲ್ಲ, ಏಕೆಂದರೆ ಹೊಗೆಗೆ ಬೇಕಾದದ್ದು ಹಸಿಸೌದೆಯ ಸಂಯೋಗ, ಅದು ಬೆಂಕಿಯ ಜೊತೆಯಲ್ಲಿ ಅಡಗಿ ಬಂದು ಬೆಂಕಿಗೇ ಹೊಗೆಯ ಹೆಸರು ತರುತ್ತದೆ. ಹೀಗೆ ಮರೆಯಲ್ಲಿ ನಿಂತು ಬೇರೊಂದಕ್ಕೆ ಕಾರಣತ್ವವನ್ನು ಆರೋಪಿಸುವ ಸಂಗತಿಗೆ ಉಪಾಧಿಯೆಂದು ಹೆಸರು. ಹುಡುಗನ ಸಂಜೆಗಳಲ್ಲಿಯೂ ಒಂದು ಉಪಾಧಿ ಅಡಗಿತ್ತು. ಆಟದೊಳಗಿನ ಗಡಿಯಾರವನ್ನು ಅವನು ಮನೆಯ ಗಡಿಯಾರಕ್ಕೆ ಜೋಡಿಸಿದ್ದನು. ಹೊರಗೆ ಸೂರ್ಯ ಮುಳುಗುವಾಗ ಒಳಗೂ ಮುಳುಗುತ್ತಿದ್ದನು, ಯಾರೋ ಉತ್ಸಾಹಿ ರಚಿಸಿದ ಆ ಘಟ್ಟದ ರಸ್ತೆಯಲ್ಲಿ ನೂರಾರು ದೀಪಗಳು ಹೊತ್ತುತ್ತಿದ್ದುವು, ಪ್ರತಿಯೊಂದು ದೀಪವೂ ಗ್ರಾಫಿಕ್ಸ್ ಕಾರ್ಡಿಗೆ ಹೊರೆಯಾಗುತ್ತಿತ್ತು. ಅವನು ಮಾಡಿದ ಪರೀಕ್ಷೆಯನ್ನು ನಾನು ಬಹುವಾಗಿ ಮೆಚ್ಚಿದೆನು: ಹೊರಗೆ ನಡುಹಗಲು, ವೋಲ್ಟೇಜು ಪೂರ್ಣವಾಗಿರುವಾಗ ಆಟದೊಳಗೆ ಸಂಜೆಯನ್ನು ತಂದನು; ತಡೆ ಬಂತು. ಹೊರಗೆ ಸಂಜೆ, ಬಲ್ಬು ಮಂಕಾಗಿರುವಾಗ ಒಳಗೆ ನಡುಹಗಲನ್ನು ಇರಿಸಿದನು, ತಡೆ ಬರಲಿಲ್ಲ. ಒಟ್ಟಿಗೇ ನಡೆದುಬರುತ್ತಿದ್ದ ಎರಡು ಸಂಜೆಗಳನ್ನು ಹೀಗೆ ಬಿಡಿಸಿ ನಿಲ್ಲಿಸಿದಾಗ ಯಾವುದು ಕಾರಣ, ಯಾವುದು ಸಹಚರ ಎಂಬುದು ತಾನಾಗಿ ತಿಳಿಯಿತು. ಸ್ಟೆಬಿಲೈಸರಿನ ಹಣ ಉಳಿಯಿತೆಂಬುದು ಇದರ ಅಲ್ಪಫಲ.

ಆದರೂ ಎಲ್ಲ ತಡೆಗಳೂ ಹೋಗಲಿಲ್ಲ. ಒಂದು ಕಾರ್ಯಕ್ಕೆ ಹಲವು ಕಾರಣಗಳಿರಬಹುದೆ ಎಂಬುದು ನ್ಯಾಯಶಾಸ್ತ್ರದಲ್ಲಿ ಹಳೆಯ ವಿವಾದ. ಹುಲ್ಲಿನಿಂದಲೂ ಬೆಂಕಿ ಹುಟ್ಟುತ್ತದೆ, ಅರಣಿಯಿಂದಲೂ ಹುಟ್ಟುತ್ತದೆ, ಸೂರ್ಯಕಾಂತಮಣಿಯಿಂದಲೂ ಹುಟ್ಟುತ್ತದೆ, ಹಾಗಿದ್ದಲ್ಲಿ ಯಾವುದಿಲ್ಲದಿದ್ದರೂ ಬೆಂಕಿ ಹುಟ್ಟಬಲ್ಲುದಾದುದರಿಂದ ಯಾವುದನ್ನೂ ಕಾರಣವೆನ್ನುವಂತಿಲ್ಲವಲ್ಲ! ಇದಕ್ಕೆ ಕೊಟ್ಟ ಒಂದು ಸಮಾಧಾನವೇನೆಂದರೆ, ಆ ಮೂರು ಬೆಂಕಿಗಳೂ ನಮ್ಮ ಸ್ಥೂಲದೃಷ್ಟಿಗೆ ಒಂದಾಗಿ ತೋರಿದರೂ ವಸ್ತುತಃ ಭಿನ್ನಜಾತಿಯವು ಎಂಬುದು. ಓದುವಾಗ ಇದು ತರ್ಕದ ಕಸರತ್ತಾಗಿ ಕಾಣುತ್ತದೆ. ಚಿತ್ರಗಳ ಕಾಲವನ್ನು ಗೆರೆಯಾಗಿ ಬರೆದು ತೋರಿಸುವ ತಂತ್ರಾಂಶದಲ್ಲಿ ಹುಡುಗನು ತನ್ನ ತಡೆಗಳನ್ನು ನೋಡಿದಾಗ ಅದು ಕಸರತ್ತಾಗಿ ಕಾಣಲಿಲ್ಲ. ದೀಪಗಳ ಹೊರೆಯಿಂದ ಬಂದ ತಡೆಗಳು ಗುಂಪಾಗಿ ಏಳುತ್ತಿದ್ದುವು. ಬೇರೊಂದು ಬಗೆಯವು ಸಮಾನವಾದ ಅಂತರಗಳಲ್ಲಿ, ತಾಳ ಹಾಕಿದಂತೆ, ಒಂಟೊಂಟಿಯಾಗಿ ಏಳುತ್ತಿದ್ದುವು. ಯಂತ್ರದ ಉಷ್ಣತೆಯನ್ನು ನಿಯತಕಾಲಕ್ಕೊಮ್ಮೆ ವಿಚಾರಿಸಿ ಪರದೆಯ ಮೇಲೆ ತೋರಿಸುತ್ತಿದ್ದ ಒಂದು ಸಹಾಯಕ ತಂತ್ರಾಂಶವೇ ಅವುಗಳ ಮೂಲ, ದೋಷವನ್ನು ಪತ್ತೆಹಚ್ಚಲೆಂದು ಇರಿಸಿದ ಕಾವಲುಗಾರನೇ ದೋಷಕ್ಕೆ ಕಾರಣನಾಗಿದ್ದನು. ಮೂರನೆಯ ಬಗೆಯವು ಹೊಸ ಬಂಡಿಯೊಂದು ಮೊದಲ ಬಾರಿ ದೃಷ್ಟಿಗೆ ಬಿದ್ದಾಗ ಮಾತ್ರ ಬಂದು, ಎರಡನೆಯ ಬಾರಿಗೆ ಬರುತ್ತಿರಲಿಲ್ಲ. ಅದರ ಬಣ್ಣ ಹೊಳಪುಗಳನ್ನು ಚಿತ್ರಿಸುವ ಸೂತ್ರಗಳನ್ನು ಯಂತ್ರವು ಆಗತಾನೆ ಸಿದ್ಧಪಡಿಸಿಕೊಳ್ಳುತ್ತಿತ್ತು. ಕಣ್ಣಿಗೆ ಒಂದೇ ಆಗಿದ್ದ ದೋಷವು ಮೂರು ಜಾತಿಯದಾಗಿತ್ತು. ಅದುವರೆಗೆ ಮಾಡಿದ ಪ್ರತಿಯೊಂದು ಪರಿಹಾರವೂ ವಿಫಲವಾದಂತೆ ತೋರಿದ್ದಕ್ಕೆ ಇದೂ ಒಂದು ಹೇತು: ಒಂದನ್ನು ನಿಲ್ಲಿಸಿದರೂ ಉಳಿದೆರಡು ಅದರ ವೇಷದಲ್ಲಿ ಬಂದು ನಿಲ್ಲುತ್ತಿದ್ದುವು.

ಇದರಲ್ಲೆಲ್ಲ ನನಗೆ ಅತ್ಯಂತ ಮಹತ್ತ್ವದ್ದಾಗಿ ತೋರಿದ್ದು ಅವನ ಇನ್ನೊಂದು ನಡತೆ. ಆ ಸಹಾಯಕ ತಂತ್ರಾಂಶವನ್ನು ತೆಗೆದಾಗ ತಾಳದ ತಡೆಗಳು ನಿಂತುವು. ನಾವಾದರೆ ಅಲ್ಲಿಗೆ ಕೈತೊಳೆದುಕೊಳ್ಳುತ್ತಿದ್ದೆವು. ಅವನು ಅದನ್ನು ಮರಳಿ ಹಾಕಿದನು. ತಡೆಗಳು ಮರಳಿದುವು. ಮತ್ತೆ ತೆಗೆದನು. ಹೋದ ದೋಷವನ್ನು ಬುದ್ಧಿಪೂರ್ವಕವಾಗಿ ಮತ್ತೊಮ್ಮೆ ಆಹ್ವಾನಿಸಿ, ಅದು ಕರೆದಾಗ ಬರುವುದನ್ನೂ ಕಳುಹಿಸಿದಾಗ ಹೋಗುವುದನ್ನೂ ಕಂಡ ಮೇಲೆಯೇ ಇದು ಇದರಿಂದ ಎಂದು ಅವನು ನುಡಿದದ್ದು. ಪರಿಹಾರವನ್ನು ಬಯಸುವವನಿಗೆ ದೋಷವು ಹೋದರೆ ಸಾಕು. ಕಾರಣವನ್ನು ಬಯಸುವವನು ಅದು ಹಿಂದಿರುಗುವುದನ್ನೂ ಕಾಣಬೇಕು. ಇವೆರಡೂ ಬೇರೆ ಬೇರೆ ಪುರುಷಾರ್ಥಗಳು.

ನಮ್ಮ ತೋಟಗಳ ಚರಿತ್ರೆಯಲ್ಲಿ ಈ ಭೇದವು ರಕ್ತದಲ್ಲಿ ಬರೆದಂತೆ ಇದೆ. ಮಳೆಗಾಲದಲ್ಲಿ ಎಳೆಯಡಕೆ ಕೊಳೆತು ಉದುರುವ ಕೊಳೆರೋಗವು ಒಂದು ವರ್ಷ ಬಂದು ಇನ್ನೊಂದು ವರ್ಷ ಬಾರದೆ, ಒಂದು ತೋಟವನ್ನು ಹಿಡಿದು ನೆರೆಯದನ್ನು ಬಿಟ್ಟು, ನಮ್ಮ ಹಿರಿಯರನ್ನು ಬಹಳ ಕಾಡಿತು. ಮಲೆನಾಡಿನಲ್ಲಿ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಯುತ್ತಿದ್ದರು. ಕಾರಣವನ್ನರಿಯದ ಪರಿಹಾರವಾದರೂ ಅದು ಫಲಕಾರಿಯಾಗಿತ್ತು, ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗವನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ಫೈಟಾಫ್ತೊರ ಜಾತಿಯ ಸೂಕ್ಷ್ಮಜೀವಿಯನ್ನು ಗುರುತಿಸಿದ ಮೇಲೆ ಬೋರ್ಡೋ ದ್ರಾವಣವು ತೋಟಗಳಿಗೆ ಬಂತು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರು ನೀರು ಎಂಬ ಪ್ರಮಾಣವು ಇಂದು ಇಲ್ಲಿನ ಪ್ರತಿಯೊಬ್ಬ ಕೃಷಿಕನ ನಾಲಗೆಯ ತುದಿಯಲ್ಲಿದೆ. ಜರ್ಮನಿಯ ರಾಬರ್ಟ್ ಕಾಖ್ ರೋಗಕಾರಣದ ನಿಶ್ಚಯಕ್ಕೆ ವಿಧಿಸಿದ ನಿಬಂಧನೆಗಳೂ ನಮ್ಮ ಹುಡುಗನ ನಡತೆಯೂ ತತ್ತ್ವದಲ್ಲಿ ಒಂದೇ ಆಗಿವೆ: ಜೀವಾಣುವನ್ನು ಬೇರ್ಪಡಿಸಿ ಬೆಳೆಸಬೇಕು, ಆರೋಗ್ಯವಂತ ದೇಹದಲ್ಲಿ ಅದರಿಂದ ಅದೇ ರೋಗವನ್ನು ಮತ್ತೆ ತರಿಸಬೇಕು.

ಇದಕ್ಕೆ ಪ್ರತಿಯಾಗಿ ಹಳದಿ ಎಲೆರೋಗವನ್ನು ನೋಡಿ. 1914ರಷ್ಟು ಹಿಂದೆಯೇ ಕೇರಳದಲ್ಲಿ ಕಾಣಿಸಿಕೊಂಡ ಈ ಪಿಡುಗು ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು, ಮರ್ಕಂಜದ ಕಡೆಯ ತೋಟಗಳನ್ನು ಬರಿದುಮಾಡಿದೆ. ಮಣ್ಣಿನ ಕೊರತೆಯೆಂದರು, ನೀರು ಬಸಿಯದಿರುವುದೆಂದರು, ಗೊಬ್ಬರ ಹಾಕಿದಾಗ ಒಂದಿಷ್ಟು ಹಸುರು ಮರಳಿದ್ದರಿಂದ ಅದೇ ಸರಿಯೆಂದರು. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರ ದೀರ್ಘಪರಿಶ್ರಮದ ಅನಂತರ ಫೈಟೊಪ್ಲಾಸ್ಮ ಎಂಬ, ಗಿಡದ ಆಹಾರನಾಳದಲ್ಲಿ ವಾಸಿಸುವ ಜೀವಾಣುವಿನ ಕಡೆಗೆ ಬೆರಳು ತಿರುಗಿತು. ಇದನ್ನು ಗಿಡದಿಂದ ಹೊರತೆಗೆದು ಪ್ರಯೋಗಶಾಲೆಯಲ್ಲಿ ಬೆಳೆಸುವುದು ಅತಿಕಠಿನ. ಆದುದರಿಂದ ಕರೆದು ನೋಡುವ, ಕಳುಹಿಸಿ ನೋಡುವ ಆ ಸರಳವಾದ ಪರೀಕ್ಷೆಯು ಇಲ್ಲಿ ಸುಲಭಸಾಧ್ಯವಾಗಲಿಲ್ಲ. ಎಲೆ ಹಳದಿಯಾಗುವುದಕ್ಕೆ ಬೇರೆ ಹತ್ತು ಕಾರಣಗಳಿರುವುದರಿಂದ ತೃಣ, ಅರಣಿ, ಮಣಿಗಳ ಗೊಂದಲವೂ ಕೂಡಿಕೊಂಡಿತು. ಈ ನಡುವೆ ಎಷ್ಟೋ ಸಂಸಾರಗಳು ತಲೆಮಾರುಗಳ ತೋಟವನ್ನು ಕಡಿದು ರಬ್ಬರು ನೆಟ್ಟುವು. ಅವರಲ್ಲಿ ಜ್ಯೋತಿಷಿಯ ಬಳಿ ಪ್ರಶ್ನೆ ಇರಿಸದವರು, ನಾಗನಿಗೆ ತಂಬಿಲವೆಂಬ ಸೇವೆ ಸಲ್ಲಿಸದವರು ವಿರಳವೆಂದರೆ ತಪ್ಪಾಗದು.

ಈಗ ನಾನು ಹೇಳಬೇಕಾದುದರ ಹೃದಯಕ್ಕೆ ಬಂದಿದ್ದೇನೆ. ಕುಮಾರಧಾರೆಯಲ್ಲಿ ಮಿಂದು ಕುಕ್ಕೆಯಲ್ಲಿ ಆಶ್ಲೇಷಾ ಬಲಿಯನ್ನೋ ಸರ್ಪಸಂಸ್ಕಾರವನ್ನೋ ಮಾಡಿಸಲು ದೇಶದ ಮೂಲೆಮೂಲೆಗಳಿಂದ ಬರುವ ಜನರ ಶ್ರದ್ಧೆಯನ್ನು ನಾನು ಹತ್ತಿರದಿಂದ ಬಲ್ಲೆ, ಅದನ್ನು ನೋಯಿಸುವ ಇಚ್ಛೆ ನನಗೆ ಲೇಶವೂ ಇಲ್ಲ. ಆದರೆ ಸಂಸ್ಕಾರವಾದ ಮೇಲೆ ಮಗುವಿನ ಚರ್ಮರೋಗ ಗುಣವಾಯಿತು, ಆದುದರಿಂದ ಕಾರಣವು ನಾಗದೋಷವೇ ಎಂಬ ಅನುಮಾನವನ್ನು ಭಕ್ತಿಯ ಮಾತೆಂದು ಒಪ್ಪಲಾರೆ. ಅದು ತರ್ಕದ ಮಾತು, ತರ್ಕದ ನ್ಯಾಯಾಲಯದಲ್ಲೇ ಅದರ ವಿಚಾರಣೆಯಾಗಬೇಕು. ಅಲ್ಲಿ ಅದು ಡ್ರೈವರು ಬದಲಿಸಿದ ಮರುದಿನದ ಸಂತೋಷಕ್ಕಿಂತ ಹೆಚ್ಚಿನ ಸ್ಥಾನವನ್ನು ಪಡೆಯಲಾರದು. ಮಾಡಿದ ಸಂಸ್ಕಾರವನ್ನು ಹಿಂದೆಗೆದು ರೋಗವು ಮರಳುವುದೇ ಎಂದು ನೋಡಲು ಯಾವ ತಾಯಿಯೂ ಒಪ್ಪಳು, ಒಪ್ಪಬಾರದು ಕೂಡ. ಹಾಗೆ ಹಿಂದೆಗೆಯಲು ಬರುವಂಥದ್ದೂ ಅದಲ್ಲ.

ಶಾಸ್ತ್ರವು ಈ ಬಗೆಯ ಸಮರ್ಥನೆಯನ್ನು ಬೇಡಿದೆಯೇ ಎಂದು ವಿಚಾರಿಸಿದರೆ ಬೇಡಿಲ್ಲವೆಂದೇ ಕಾಣುತ್ತದೆ. ಜೈಮಿನಿಯ ಮೀಮಾಂಸೆಯ ಮೊದಲ ಹೆಜ್ಜೆಯೇ ಧರ್ಮಕ್ಕೆ ವೇದವಿಧಿಯೊಂದೇ ಪ್ರಮಾಣ, ಪ್ರತ್ಯಕ್ಷವು ಅಲ್ಲಿಗೆ ನಿಲುಕದು ಎಂಬುದು. ಕರ್ಮವನ್ನು ಮಾಡಿ ಫಲವನ್ನು ಕಂಡು ಅದರಿಂದ ಕರ್ಮದ ಸತ್ಯತೆಯನ್ನು ಸಾಧಿಸುವ ದಾರಿಯನ್ನು ಕರ್ಮನಿಷ್ಠರಾದ ಮೀಮಾಂಸಕರೇ ಮುಚ್ಚಿಟ್ಟರು. ನ್ಯಾಯಸೂತ್ರಗಳಲ್ಲಿ ಪುತ್ರಕಾಮೇಷ್ಟಿಯನ್ನು ಮಾಡಿದರೂ ಪುತ್ರನು ಹುಟ್ಟದಿರುವುದರ ಕುರಿತಾದ ಆಕ್ಷೇಪವಿದೆ. ಕರ್ಮದಲ್ಲೋ ಕರ್ತೃವಿನಲ್ಲೋ ಸಾಧನದಲ್ಲೋ ವೈಗುಣ್ಯವಿದ್ದುದರಿಂದ ಹಾಗಾಯಿತೆಂದು ಅಲ್ಲಿ ಉತ್ತರ ಕೊಟ್ಟಿದೆ. ಉತ್ತರವು ಅಸಂಗತವಲ್ಲ, ಸಾಮಗ್ರಿಯು ಪೂರ್ಣವಾಗದೆ ಕಾರ್ಯವು ಹುಟ್ಟದೆಂಬುದು ನಿಜವೇ. ಆದರೆ ಆ ಉತ್ತರವನ್ನು ಸ್ವೀಕರಿಸಿದವನು ಅದರ ಬೆಲೆಯನ್ನೂ ತೆರಬೇಕು. ಫಲಿಸದಿದ್ದಾಗಲೆಲ್ಲ ಎಲ್ಲೋ ವೈಗುಣ್ಯವಿತ್ತೆಂದು ಹೇಳಿ ವಿಧಿಯನ್ನು ಉಳಿಸಿಕೊಂಡವನು, ಫಲಿಸಿದಾಗ ಅದನ್ನೇ ವಿಧಿಯ ಸತ್ಯತೆಗೆ ಸಾಕ್ಷ್ಯವೆಂದು ತರುವಂತಿಲ್ಲ. ಸೋಲು ಮುಟ್ಟಲಾರದ ನೆಲೆಯನ್ನು ಗೆಲುವೂ ಮುಟ್ಟಲಾರದು. ಹಾಗಾದರೆ ಕುಕ್ಕೆಯ ಯಾತ್ರಿಕನಿಗೆ ಉಳಿಯುವುದೇನು ಎಂದರೆ, ಉಳಿಯುವುದು ಬಹಳವೇ ಇದೆ. ಬನವನ್ನು ಕಡಿಯದೆ ಬಿಟ್ಟು ನಾಗನಿಗೆ ನೆಲದ ಒಂದು ಪಾಲನ್ನು ಒಪ್ಪಿಸಿದ ಕುಲದ ಋಣಪ್ರಜ್ಞೆಯಿದೆ. ತನ್ನ ವಶದಲ್ಲಿಲ್ಲದುದರ ಮುಂದೆ ತಲೆಬಾಗುವ ಶಾಂತಿಯಿದೆ. ಪ್ರಶ್ನೆ ಇರಿಸಿ ಜ್ಯೋತಿಷಿಯ ಬಾಯಿಂದ ಕಾರಣವನ್ನು ಕೇಳಿ ಅಣ್ಣನ ಮೇಲೆ ತಮ್ಮನು, ಸೊಸೆಯ ಮೇಲೆ ಅತ್ತೆಯು ದೋಷವನ್ನು ಹೊರಿಸಿಕೊಂಡು ಒಡೆದುಹೋದ ಮನೆಗಳನ್ನು ನಾನು ಕಂಡಿದ್ದೇನೆ. ಕೇವಲ ಶಾಂತಿಯನ್ನು ಅರಸಿ ಹೋದವರಲ್ಲಿ ಅಂಥದನ್ನು ಕಂಡಿಲ್ಲ. ಪುತ್ತೂರಿನ ಬಾಲವನದಲ್ಲಿ ಬಹುವರ್ಷ ಬಾಳಿ, ಕನ್ನಡ ಮಕ್ಕಳಿಗೂ ದೊಡ್ಡವರಿಗೂ ವಿಜ್ಞಾನ ಪ್ರಪಂಚದ ಸಂಪುಟಗಳನ್ನು ಬರೆದುಕೊಟ್ಟ ಶಿವರಾಮ ಕಾರಂತರು ದೇವರ ವಿಷಯದಲ್ಲಿ ತಮಗೆ ತಿಳಿಯದೆನ್ನಲು ಹಿಂಜರಿಯಲಿಲ್ಲ. ಯಕ್ಷಗಾನದ ದೇವತೆಗಳಿಗೆ ಬಣ್ಣ ಬಳಿದು ಕುಣಿಸಲೂ ಹಿಂಜರಿಯಲಿಲ್ಲ. ಒಬ್ಬನೇ ಮನುಷ್ಯನಲ್ಲಿ ಎರಡೂ ಕಲಹವಿಲ್ಲದೆ ಇರಬಲ್ಲುವೆಂಬುದಕ್ಕೆ ಈ ನೆಲದಲ್ಲಿ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ.

ಉದಯನನ ಅದೃಷ್ಟದ ಕುರಿತು ಒಂದು ಮಾತು ಬಾಕಿಯಿದೆ. ಕಾಣುವ ಕಾರಣಗಳೆಲ್ಲ ಸಮನಾಗಿದ್ದೂ ಫಲವು ವಿಚಿತ್ರವಾಗಿರುವಲ್ಲಿ ಕಾಣದ ಕಾರಣವನ್ನು ಒಪ್ಪಬೇಕೆಂಬ ಅವನ ಯುಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾಣುವ ಕಾರಣಗಳೆಲ್ಲವನ್ನೂ ನೋಡಿ ಮುಗಿಸಿದೆನೆಂದು ಯಾವನು ಯಾವಾಗ ಹೇಳಬಲ್ಲನು? ನಮ್ಮ ದಣಿವಿಗೆ ಅದೃಷ್ಟವೆಂಬ ಹೆಸರನ್ನು ಕೊಟ್ಟರೆ ಅದೃಷ್ಟಕ್ಕೂ ಅಪಚಾರ, ದಣಿವಿಗೂ ಅಪಚಾರ. ಹುಡುಗನ ಆಟದಲ್ಲಿ ಮೂರು ಜಾತಿಯ ತಡೆಗಳೂ ಹೋದ ಮೇಲೆ ಇನ್ನೂ ಒಂದು ಉಳಿದಿದೆ. ಗುಂಪಾಗಿಯೂ ಅಲ್ಲ, ತಾಳದಲ್ಲಿಯೂ ಅಲ್ಲ, ಬಹು ಅಪರೂಪವಾಗಿ ಬರುತ್ತದೆ. ಮನೆಯಲ್ಲಿ ಅದಕ್ಕೆ ಒಬ್ಬೊಬ್ಬರು ಒಂದೊಂದು ಕಾರಣವನ್ನು ಹೇಳುತ್ತಾರೆ, ಅವನು ಯಾವುದನ್ನೂ ಅಲ್ಲವೆನ್ನುವುದಿಲ್ಲ, ಹೌದೆನ್ನುವುದೂ ಇಲ್ಲ. ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಹಳೆಯ ಮೆಮೊರಿಯನ್ನು ತೆಗೆದು ಹೊಸದನ್ನು ಹಾಕಿ ನೋಡುವೆನೆಂದಿದ್ದಾನೆ. ತಡೆ ನಿಂತರೆ ಹಳೆಯದನ್ನೇ ತಿರುಗಿ ಹಾಕಿ ನೋಡುವೆನೆಂದೂ ಹೇಳಿದ್ದಾನೆ.